ನಾಲ್ಕೂವರೆ ಗಂಟೆಯ ಮೇಲಿನ ಕಾಲೇಜು

ಸಿಇಟಿ ರ‍್ಯಾಂಕ್ ಬಂದ ದಿನದಿಂದ ನಮ್ಮ ಮಂಡ್ಯ ಕಡೆಯ ಅಪ್ಪಂದಿರಿಗೆಲ್ಲ ಇದ್ದಕ್ಕಿದ್ದ ಹಾಗೆ ಮೇಷ್ಟ್ರು ನೆನಪಾಗುತ್ತಾರೆ. ನಾನು ಮೈಸೂರಿನಲ್ಲಿ ಪಾಠ ಮಾಡಿಕೊಂಡಿರುವವನು, ಊರು ಮಂಡ್ಯದ ಕಡೆ. ಹಾಗಾಗಿ ಎರಡೂ ಕಡೆಯ ಫೋನು ನನಗೇ. ಪ್ರಶ್ನೆ ಮಾತ್ರ ಒಂದೇ: "ಮೇಷ್ಟ್ರೇ, ಮೈಸೂರಲ್ಲಿ ಯಾವ್ ಕಾಲೇಜು ಚೆನ್ನಾಗದೆ?"

ನಾನು ತಿರುಗಿ ಕೇಳುವುದೂ ಒಂದೇ. ಹುಡುಗ ಬೆಳಗ್ಗೆ ಮನೆಯಿಂದ ಎಷ್ಟೊತ್ತಿಗೆ ಹೊರಡಬೇಕಾಗುತ್ತೆ? ರಾತ್ರಿ ಎಷ್ಟೊತ್ತಿಗೆ ವಾಪಸ್ ಬರ್ತಾನೆ? ಕಾಲೇಜು ಕೇಳಿದರೆ ಇವರು ಬಸ್ಸಿನ ಟೈಮು ಕೇಳ್ತಾರಲ್ಲ ಅಂತ ಆ ಕಡೆಯವರಿಗೆ ಅನ್ನಿಸಬಹುದು. ಅನ್ನಿಸಲಿ. ಇಷ್ಟು ವರ್ಷ ಮಕ್ಕಳನ್ನು ನೋಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಇದು: ಕ್ಲಾಸು ಮುಗಿದ ಮೇಲೆ ಅಲ್ಲಿ ಎಷ್ಟು ಹೊತ್ತು ಇರುವುದಕ್ಕಾಗುತ್ತೆ ಅನ್ನೋದನ್ನ ನೋಡಿಕೊಂಡು ಕಾಲೇಜು ಆರಿಸಬೇಕು.

ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆವರೆಗೆ ಕಾಲೇಜುಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ. ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುದ ಸಿಲಬಸ್ ಬೆಳಗಾವಿಯಿಂದ ಬರುತ್ತದೆ. ಮಂಡ್ಯಕ್ಕೂ ಅದೇ, ಮಂಗಳೂರಿಗೂ ಅದೇ. ಅಟಾನಮಸ್ ಕಾಲೇಜುಗಳು ತಮ್ಮದೇ ಸಿಲಬಸ್, ತಮ್ಮದೇ ಪ್ರಶ್ನೆಪತ್ರಿಕೆ ಮಾಡಿಕೊಂಡರೂ ಒಳಗಿನ ಹೂರಣ ಅಷ್ಟೇನೂ ಬದಲಾಗುವುದಿಲ್ಲ. ಹಾಜರಿ ಎಲ್ಲ ಕಡೆಯೂ ತಗೊಳ್ತಾರೆ, ಇಂಟರ್ನಲ್ಸ್ ಎಲ್ಲ ಕಡೆಯೂ ಇರುತ್ತೆ. ವ್ಯತ್ಯಾಸ ಗೊತ್ತಾಗುವುದು ಆಮೇಲೆ. ಲ್ಯಾಬಿನ ಬಾಗಿಲು ಎಷ್ಟೊತ್ತಿಗೆ ಮುಚ್ಚುತ್ತೆ, ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ಇರ್ತಾರಾ, ಲೈಬ್ರರಿಯಲ್ಲಿ ಕೂತು ಓದುವವರು ಇದ್ದಾರಾ, ಒಂದಿಷ್ಟು ಹುಡುಗರು ಏನೋ ಒಂದು ಮಾಡಿಕೊಂಡು ಕತ್ತಲಾಗುವವರೆಗೆ ಅಲ್ಲೇ ಬಿದ್ದಿರ್ತಾರಾ.

ಈಗ ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡುವ ಹುಡುಗನ ದಿನ ನೋಡಿ. ದೂರ ಸುಮಾರು 45 ಕಿಲೋಮೀಟರ್. ಕೇಳುವುದಕ್ಕೆ ಏನೂ ಅಲ್ಲ. ಆದರೆ ಅವನ ಮನೆ ಇರುವುದು ಮಂಡ್ಯ ಸ್ಟೇಷನ್ ಪಕ್ಕದಲ್ಲಲ್ಲ, ಕೆರಗೋಡಿನ ಆಚೆಯೋ ಬಸರಾಳಿನ ಆಚೆಯೋ. ಮೊದಲು ಹಳ್ಳಿಯಿಂದ ಮಂಡ್ಯಕ್ಕೆ ಬಸ್ಸು, ಅಲ್ಲಿಂದ ರೈಲು, ಮೈಸೂರಿನಲ್ಲಿ ಇಳಿದು ಇನ್ನೊಂದು ಸಿಟಿ ಬಸ್ಸು. ಸಂಜೆ ಅದೇ ತಿರುಗಾಮುರುಗಾ. ಕೊನೇ ಪೀರಿಯಡ್‌ನಲ್ಲಿ ಅವನ ಕಣ್ಣು ಬೋರ್ಡಿನ ಮೇಲಿರಲ್ಲ, ಗಡಿಯಾರದ ಮೇಲಿರುತ್ತೆ. ಆ ರೈಲು ತಪ್ಪಿದರೆ ಊರಿಗೆ ಹೋಗುವ ಕಡೇ ಬಸ್ಸೂ ತಪ್ಪುತ್ತೆ. ಡೌಟ್ ಕೇಳುವುದು ಎಲ್ಲಿಂದ ಬಂತು?

ರೈಲು ಪಾಸಿನ ಹುಡುಗರ ಬಗ್ಗೆ ನನಗೆ ಅಯ್ಯೋ ಅನ್ನಿಸುವುದು ಇದಕ್ಕೇ. ರೈಲಿನಲ್ಲಿ ಓದಿಕೊಳ್ತಾರೆ ಅಂತ ಅಪ್ಪ ಅಮ್ಮ ಅಂದುಕೊಂಡಿರುತ್ತಾರೆ. ಬೆಳಗಿನ ರೈಲಿನಲ್ಲಿ ನಿಲ್ಲುವುದಕ್ಕೆ ಜಾಗ ಸಿಕ್ಕಿದರೆ ಪುಣ್ಯ.

ನನಗೆ ಗೊತ್ತಿದ್ದ ಇಬ್ಬರು ಹುಡುಗರು, ಅಕ್ಕಪಕ್ಕದ ಊರಿನವರು, ಮಾರ್ಕ್ಸ್ ಹತ್ತಿರ ಹತ್ತಿರ. ಒಬ್ಬ ಮೈಸೂರಿನಲ್ಲಿ ಹೆಸರುವಾಸಿ ಕಾಲೇಜೇ ಬೇಕು ಅಂತ ಹಟ ಹಿಡಿದು ಸೇರಿ, ಮನೆಯಿಂದಲೇ ಓಡಾಡಿದ. ಇನ್ನೊಬ್ಬ ಮಂಡ್ಯದ ಪಿಇಎಸ್ ಸೇರಿದ. 1962ರಲ್ಲಿ ನಿತ್ಯ ಸಚಿವ ಅಂತಲೇ ಜನ ಕರೆಯುವ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಕಟ್ಟಿದ ಇಂಜಿನಿಯರಿಂಗ್ ಕಾಲೇಜು ಅದು. ರೈತರ ಮಕ್ಕಳು ಊರು ಬಿಟ್ಟು ಹೋಗದೆ ಇಂಜಿನಿಯರಿಂಗ್ ಓದುವ ಹಾಗೆ ಮಾಡಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅಲ್ಲಿ ಸೇರಿದವನಿಗೆ ಮನೆಗೆ ಒಂದೇ ಬಸ್ಸು. ಎರಡನೇ ವರ್ಷಕ್ಕೆ ಅವನು ಲ್ಯಾಬಿನ ಅಟೆಂಡರಿಗೆ ಎಷ್ಟು ಹತ್ತಿರದವನಾಗಿದ್ದ ಅಂದರೆ ಬೀಗ ಹಾಕುವ ಕೆಲಸವನ್ನ ಒಂದೊಂದು ದಿನ ಇವನಿಗೇ ಬಿಟ್ಟು ಹೋಗುತ್ತಿದ್ದರು. ಮೈಸೂರಿನವನೂ ಚೆನ್ನಾಗೇ ಪಾಸಾದ, ಕೆಲಸವೂ ಸಿಕ್ಕಿತು. ಆದರೆ ಅವನಿಗೆ ಕಾಲೇಜಿನ ಬಗ್ಗೆ ಹೇಳುವುದಕ್ಕೆ ಕತೆಯೇ ಇಲ್ಲ. ಹೇಳಿದ್ದೆಲ್ಲ ರೈಲಿನ ಕತೆ.

ಹಾಗಂತ ಹತ್ತಿರದ ಕಾಲೇಜೇ ಒಳ್ಳೇದು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಹೆಸರಿನ ಕಾಲೇಜಿಗೆ ಬೆಲೆ ಇದ್ದೇ ಇದೆ. ಮುಖ್ಯವಾಗಿ ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವವರಿಂದ. ಮೈಸೂರಿನ ಎನ್‌ಐಇ 1946ರಿಂದ ಇದೆ, ಎಸ್‌ಜೆಸಿಇ 1963ರಿಂದ. ಇಷ್ಟು ವರ್ಷ ಓದಿ ಹೋದವರು ಊರೂರಲ್ಲಿ, ಕಂಪನಿ ಕಂಪನಿಯಲ್ಲಿ ಕೂತಿದ್ದಾರೆ, ಅದು ನಿಜವಾಗಲೂ ಉಪಯೋಗಕ್ಕೆ ಬರುತ್ತೆ. ಅಂಥ ಕಡೆ ಸೀಟು ಸಿಕ್ಕಿದರೆ ಬಿಡಬೇಡಿ. ಆದರೆ ಅಲ್ಲೇ ಉಳಿಯುವುದಕ್ಕೆ ವ್ಯವಸ್ಥೆ ಮಾಡಿಕೊಳ್ಳಿ. ಹಿಂದುಳಿದ ವರ್ಗಗಳ ಇಲಾಖೆಯದ್ದು, ಸಮಾಜ ಕಲ್ಯಾಣ ಇಲಾಖೆಯದ್ದು ಹಾಸ್ಟೆಲ್‌ಗಳಿವೆ. ಹಾಸ್ಟೆಲ್ ಸಿಗದ ಮಕ್ಕಳ ಊಟ-ವಸತಿಗೆ ವಿದ್ಯಾಸಿರಿ ಇದೆ. ಮಠದ ಹಾಸ್ಟೆಲಿನಲ್ಲಿ ಉಂಡು ಓದಿ ಮುಂದೆ ಬಂದವರು ಮೈಸೂರಿನಲ್ಲಿ ಎಷ್ಟು ಜನ ಇಲ್ಲ! ಸೀಟು ಖಾತ್ರಿಯಾದ ಕೂಡಲೇ ಅರ್ಜಿ ಹಾಕಿ. ಜಾತಿ-ಆದಾಯ ಪ್ರಮಾಣಪತ್ರ, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ, ಇವೆರಡು ಸರಿ ಇಲ್ಲದೆ ಸ್ಕಾಲರ್‌ಶಿಪ್ ಕೈತಪ್ಪಿದ ಮಕ್ಕಳು ನನ್ನ ಕ್ಲಾಸಿನಲ್ಲೇ ಪ್ರತಿ ವರ್ಷ ಸಿಗುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಬದಲಾವಣೆ ಕಣ್ಣಾರೆ ನೋಡಿದ್ದೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಚಾರ್ಜಿನ ಲೆಕ್ಕ ಮನೆಯ ಮಾತಿನಿಂದ ಹೊರಗೆ ಹೋಯಿತು. ತಾಲ್ಲೂಕಿನ ಕಾಲೇಜಿಗೇ ಸಾಕು ಅನ್ನುತ್ತಿದ್ದ ಅಪ್ಪಂದಿರು ಮಹಾರಾಣಿ ಕಾಲೇಜಿನ ಫಾರ್ಮ್ ಬಗ್ಗೆ ಕೇಳುತ್ತಾರೆ. ಸಂತೋಷದ ವಿಷಯ. ಆದರೆ ಟಿಕೆಟ್ ಇಲ್ಲ ಅಂತ ದಾರಿ ಹತ್ತಿರವಾಗುವುದಿಲ್ಲ. ಮಗಳು ಕತ್ತಲಾಗುವ ಮೊದಲು ಮನೆಯಲ್ಲಿರಬೇಕು ಅನ್ನುವ ಕಟ್ಟಳೆ ಇರುವ ಕಡೆ ಆ ಹುಡುಗಿಯ ಕಾಲೇಜು ಮಧ್ಯಾಹ್ನ ಮೂರಕ್ಕೇ ಮುಗಿದುಹೋಗುತ್ತೆ. ಅದನ್ನ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು.

ಇನ್ನು ಕಾಲೇಜು ನೋಡಲು ಹೋಗುವ ವಿಷಯ. ಎಲ್ಲರೂ ಅಡ್ಮಿಷನ್ ಟೈಮಿನಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಹೋಗುತ್ತಾರೆ. ಆಗ ಎಲ್ಲ ಕಾಲೇಜೂ ಮದುವೆ ಮನೆಯೇ. ಬಾಗಿಲಲ್ಲಿ ನಗುಮುಖ, ಕೈಗೆ ಬಣ್ಣದ ಬ್ರೋಷರ್. ಸೆಮಿಸ್ಟರ್ ನಡೆಯುವಾಗ ಒಂದು ಮಾಮೂಲಿ ಬುಧವಾರವೋ ಗುರುವಾರವೋ ಸಂಜೆ ಐದಕ್ಕೆ ಹೋಗಿ ನೋಡಿ. ಪಿಯುಸಿ ಓದುವಾಗಲೇ ಹೋಗಿ ಬಂದರೂ ತಪ್ಪೇನಿಲ್ಲ. ಕಾರಿಡಾರಿನಲ್ಲಿ ಸದ್ದಿದೆಯಾ? ಲೈಬ್ರರಿಯ ಹೊರಗೆ ಚಪ್ಪಲಿ ಇದೆಯಾ, ಬ್ಯಾಗಿನ ರಾಶಿ ಇದೆಯಾ? ಲ್ಯಾಬಿನ ಉಪಕರಣಗಳ ಮೇಲೆ ಧೂಳು ಎಷ್ಟಿದೆ? ನೋಟಿಸ್ ಬೋರ್ಡಿನ ಮೇಲಿನ ತಾರೀಕು ಯಾವ ವರ್ಷದ್ದು? ಹೆಣ್ಣುಮಕ್ಕಳ ಟಾಯ್ಲೆಟ್ ಹೇಗಿದೆ ಅನ್ನುವುದನ್ನೂ ನೋಡಿ. ನಾಚಿಕೆ ಪಡುವಂಥದ್ದು ಏನಿಲ್ಲ, ನಾಲ್ಕು ವರ್ಷ ಇರಬೇಕಾದವಳು ಅವಳು.

ಮಾತಾಡಿಸಬೇಕಾದ್ದು ಎರಡನೇ ವರ್ಷದ ಮಕ್ಕಳನ್ನ. ಮೊದಲನೇ ವರ್ಷದವರಿಗೆ ಇನ್ನೂ ಹೊಸತನದ ಖುಷಿ ಇಳಿದಿರಲ್ಲ. ಕೊನೇ ವರ್ಷದವರು ಹೇಗೂ ಹೊರಟವರು, ಏನು ಕೇಳಿದರೂ 'ಚೆನ್ನಾಗಿದೆ' ಅಂತಾರೆ. ಎರಡನೇ ವರ್ಷದವರ ಬಾಯಲ್ಲಿ ಮಾತ್ರ ಕಾಲೇಜಿನ ನಿಜ ಬಣ್ಣ ಹೊರಬೀಳುತ್ತೆ. ಕ್ಯಾಂಟೀನಿನಲ್ಲಿ ಒಂದು ಟೀ ಕೊಡಿಸಿದರೆ ಇನ್ನೂ ಚೆನ್ನಾಗಿ ಬೀಳುತ್ತೆ.

ಗೇಟಿನ ಹತ್ತಿರ ಒಂದು ದೊಡ್ಡ ಫ್ಲೆಕ್ಸ್ ಇರುತ್ತಲ್ಲ, ಕೆಲಸ ಸಿಕ್ಕ ಮಕ್ಕಳ ಫೋಟೋಗಳದ್ದು. ಅದನ್ನ ಸುಮ್ನೆ ನಿಂತು ನಿಧಾನವಾಗಿ ನೋಡಿ. ಕೆಲವು ಕಡೆ ಒಂದೇ ಮುಖ ಎರಡು ಮೂರು ಸಲ ಕಾಣುತ್ತೆ. ಒಬ್ಬ ಹುಡುಗನಿಗೆ ಮೂರು ಕಂಪನಿ ಆಫರ್ ಕೊಟ್ಟರೆ ಲೆಕ್ಕದಲ್ಲಿ ಮೂರು ಆಫರ್. ಕೇಳಬೇಕಾದ್ದು ಆಫರ್ ಎಷ್ಟು ಅಂತಲ್ಲ. ನಿಮ್ಮ ಬ್ರಾಂಚಿನಲ್ಲಿ ಹೋದ ವರ್ಷ ಎಷ್ಟು ಮಕ್ಕಳು ಇದ್ದರು, ಅದರಲ್ಲಿ ಎಷ್ಟು ಜನರಿಗೆ ಕೆಲಸ ಆಯ್ತು, ಸಂಬಳದಲ್ಲಿ ನಡುವಿನ ಹುಡುಗನಿಗೆ ಎಷ್ಟು ಸಿಕ್ಕಿತು. ಫ್ಲೆಕ್ಸಿನ ಮೇಲಿರುವುದು ಎಲ್ಲರಿಗಿಂತ ಜಾಸ್ತಿ ಸಿಕ್ಕವನ ಸಂಬಳ. ನಿಮ್ಮ ಮಗ ಅವನೇ ಆಗ್ತಾನೆ ಅನ್ನುವ ಗ್ಯಾರಂಟಿ ಯಾರೂ ಕೊಡಲ್ಲ.

ಗುಣಮಟ್ಟ ನೋಡಿ ಕೊಡುವ ನ್ಯಾಕ್ ಗ್ರೇಡು, ಎನ್‌ಬಿಎ ಮಾನ್ಯತೆ ಅನ್ನುವುದನ್ನೂ ಒಂದೇ ಅಂದುಕೊಳ್ಳಬೇಡಿ. ನ್ಯಾಕ್ ಕೊಡುವುದು ಇಡೀ ಸಂಸ್ಥೆಗೆ. ಎನ್‌ಬಿಎ ಕೊಡುವುದು ಒಂದೊಂದು ಕೋರ್ಸಿಗೆ, ಅದೂ ಇಷ್ಟು ವರ್ಷಕ್ಕೆ ಅಂತ. ಕಾಲೇಜಿಗೆ ಎನ್‌ಬಿಎ ಇದೆ ಅಂದರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಅಂತ ಕೇಳಿ. ಮೆಕ್ಯಾನಿಕಲ್‌ಗೆ ಇದ್ದು ನೀವು ಸೇರುವ ಹೊಸ ಬ್ರಾಂಚಿಗೆ ಇಲ್ಲದೇ ಇರಬಹುದು.

ಬ್ರಾಂಚಿನ ಮಾತು ಬಂತು. ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕು. "ನಮ್ಮುಡ್ಗ ಕಂಪ್ಯೂಟ್ರೇ ಸಿಗ್ಬೇಕು ಅಂತವ್ನೆ" ಅನ್ನುವುದು ಫೋನಿನ ಎರಡನೇ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಲ್ಯಾಬೂ ಮೇಷ್ಟ್ರೂ ಸರಿಯಿಲ್ಲದ ಕಡೆ ಅಂದವಾದ ಹೊಸ ಹೆಸರಿಟ್ಟ ಕಂಪ್ಯೂಟರ್ ಕೋರ್ಸಿಗಿಂತ ಗಟ್ಟಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ಲೋ ಸಿವಿಲ್ಲೋ ಓದುವುದು ಮೇಲು. ಕೋಡಿಂಗ್ ಯಾವ ಬ್ರಾಂಚಿನವನೂ ಕಲಿಯಬಹುದು. ಜಾಸ್ತಿ ಜನ ಇದನ್ನು ಒಪ್ಪುವುದಿಲ್ಲ ಅಂತಲೂ ಗೊತ್ತು.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಹಾಕುವಾಗ, ಒಂದು ಗೊಂದಲ ಪ್ರತಿ ವರ್ಷವೂ ಇದ್ದದ್ದೇ. 'ಈ ರ‍್ಯಾಂಕಿಗೆ ಆ ಕಾಲೇಜು ಸಿಗಲ್ಲ, ಹಾಗಾಗಿ ಅದನ್ನ ಮೇಲೆ ಹಾಕಿದರೆ ಕೆಳಗಿನದೂ ಹೋಗುತ್ತೆ' ಅನ್ನುವ ಭಯ. ಹಾಗೇನೂ ಆಗುವುದಿಲ್ಲ. ಸೀಟು ಹಂಚುವ ಕೆಇಎಯ ಕಂಪ್ಯೂಟರು ನಿಮ್ಮ ಪಟ್ಟಿಯನ್ನ ಮೇಲಿಂದ ಕೆಳಗೆ ನೋಡಿಕೊಂಡು ಬಂದು, ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಖಾಲಿ ಸಿಗುತ್ತೋ ಅದನ್ನ ಕೊಡುತ್ತೆ. ಮೇಲೆ ನಾಲ್ಕು ಆಸೆಯ ಕಾಲೇಜು ಬರೆದರೆ ನಷ್ಟವಿಲ್ಲ. ನಷ್ಟ ಆಗುವುದು, ಸಿಕ್ಕಿದರೂ ಹೋಗಲಾರದ ಕಾಲೇಜನ್ನ ಪಟ್ಟಿ ತುಂಬಿಸುವುದಕ್ಕೆ ಅಂತ ಹಾಕಿದಾಗ. ಸೀಟು ಹಂಚಿಕೆಯ ರಿಹರ್ಸಲ್ಲಾದ ಮಾಕ್ ಅಲಾಟ್‌ಮೆಂಟ್ ಬಂದ ಮೇಲೆ ಪಟ್ಟಿ ತಿದ್ದುವುದಕ್ಕೆ ಅವಕಾಶ ಇರುತ್ತೆ, ಅದನ್ನ ಬಳಸಿಕೊಳ್ಳಿ. ಮೊದಲ ಸುತ್ತಿನಲ್ಲಿ ಸೀಟು ಬಂದ ಮೇಲೆ ಚಾಯ್ಸ್ ಒಂದು ಅಂದರೆ ಇದೇ ಸಾಕು. ಎರಡು ಅಂದರೆ ಇದು ಇರಲಿ, ಮೇಲಿನದು ಸಿಕ್ಕಿದರೆ ಕೊಡಿ. ಮೇಲಿನದು ಸಿಕ್ಕಿತೋ, ಹಳೆಯದು ತಾನೇ ಹೋಯಿತು. ಆಗ 'ಹಳೇದೇ ಚೆನ್ನಾಗಿತ್ತು' ಅಂತ ಅತ್ತರೆ ಕೇಳುವವರಿಲ್ಲ. ಮೂರು ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರ್ತೀನಿ. ನಾಲ್ಕು ಅಂದರೆ ಹೊರಟೆ. ಫೀಸಿನ ನಿಯಮ ವರ್ಷ ವರ್ಷ ಬದಲಾಗುತ್ತಿರುತ್ತೆ, ಆ ವರ್ಷದ ಸೂಚನೆ ಓದಿಕೊಳ್ಳಿ. ಸೈಬರ್ ಸೆಂಟರಿನ ಹುಡುಗನಿಗೆ ಪಾಸ್‌ವರ್ಡ್ ಕೊಟ್ಟು 'ನೀನೇ ನೋಡಿ ಹಾಕಪ್ಪ' ಅನ್ನುವವರಿಗೆ ಏನು ಹೇಳುವುದೋ ನನಗೆ ತಿಳಿಯದು.

ಒಂದು ವಿಷಯಕ್ಕೆ ಮಾತ್ರ ನನಗೆ ಹೊಟ್ಟೆ ಉರಿಯುತ್ತೆ. ಮೈಸೂರಿನಲ್ಲಿ ಬೇರೆ ರಾಜ್ಯದ ಮಕ್ಕಳು ಹುಡುಕಿಕೊಂಡು ಬರುವ ಸಂಸ್ಥೆಗಳಿವೆ. ಅವುಗಳ ಕಾಂಪೌಂಡಿನ ಪಕ್ಕದಲ್ಲೇ ದಿನಾ ಬಸ್ಸಿಗೆ ಕಾಯುವ ನಮ್ಮ ಮಕ್ಕಳಿಗೆ ಒಳಗೆ ಏನಿದೆ ಅಂತ ಗೊತ್ತಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪಕ್ಕದಲ್ಲೇ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, 1963ರಿಂದ. ಪಿಯುಸಿ ಆದ ಮೇಲೆ ಡಿಗ್ರಿ ಮತ್ತು ಬಿ.ಎಡ್ ಎರಡನ್ನೂ ಒಟ್ಟಿಗೆ ನಾಲ್ಕು ವರ್ಷದಲ್ಲಿ ಮುಗಿಸುವ ಕೋರ್ಸು ಅಲ್ಲಿದೆ. ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ಮೇಷ್ಟ್ರಾಗಬೇಕು ಅನ್ನುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ. ಅಲ್ಲೇ ಹತ್ತಿರ ವಾಕ್ ಶ್ರವಣ ಸಂಸ್ಥೆ. ಕಿವಿ ಕೇಳದವರಿಗೆ, ಮಾತು ಬರದವರಿಗೆ ಚಿಕಿತ್ಸೆ ಕೊಡುವುದು ಮಾತ್ರ ಅಂದುಕೊಂಡಿದ್ದೇವೆ, ಆ ಚಿಕಿತ್ಸೆ ಕಲಿಸುವ ಡಿಗ್ರಿ ಕೋರ್ಸೂ ಅಲ್ಲೇ ಇದೆ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಫುಡ್ ಟೆಕ್ನಾಲಜಿ ಎಂ.ಎಸ್ಸಿ ಇದೆ. ಮಂಡ್ಯಕ್ಕೆ ಬಂದರೆ ವಿ.ಸಿ. ಫಾರಂನಲ್ಲಿ ಕೃಷಿ ಕಾಲೇಜು. ಅಲ್ಲಿಗೆ ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ, ಅದಕ್ಕೊಂದು ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಬೇಸಾಯದ ಸಲಕರಣೆ ಮುಂದಿಟ್ಟು ಇದೇನು ಅಂತ ಕೇಳುತ್ತಾರೆ. ಎರಡು ಎಕರೆ ಗದ್ದೆ ಇರುವವರ ಮಗ ಟ್ಯೂಷನ್ನಿಗೇ ಬೆಳೆದು, ಹುರುಳಿ ಯಾವುದು ಅಲಸಂದೆ ಯಾವುದು ಅಂತ ಪರೀಕ್ಷೆಯ ಹಿಂದಿನ ರಾತ್ರಿ ಅಜ್ಜಿಯ ಹತ್ತಿರ ಕೇಳಿಕೊಂಡ ಪ್ರಸಂಗವೂ ನಮ್ಮ ಕಡೆ ನಡೆದಿದೆ.

ಸೇರಿದ ಮೇಲಿನ ಮಾತಿಗೆ ಬರೋಣ. ನಮ್ಮ ಕಡೆಯ ಮಕ್ಕಳಿಗೆ ಮೊದಲ ಆರು ತಿಂಗಳೇ ಕಷ್ಟ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ. ಕನ್ನಡ ಮಾಧ್ಯಮದ ಕೋಟಾ, ಗ್ರಾಮೀಣ ಕೋಟಾ ಸೀಟಿನವರೆಗೆ ತಂದು ಬಿಡುತ್ತವೆ. ಆಮೇಲೆ ಕ್ಲಾಸಿನೊಳಗೆ ಎಲ್ಲ ಇಂಗ್ಲಿಷು. ಹತ್ತನೇ ಕ್ಲಾಸಿನಲ್ಲಿ ಇಡೀ ಶಾಲೆಗೆ ಫಸ್ಟ್ ಬಂದ ಹುಡುಗಿ ಇಲ್ಲಿ ಮೊದಲ ಇಂಟರ್ನಲ್ಸ್‌ನಲ್ಲಿ ಒಂದಂಕಿ ತಗೊಂಡು ಹಿಂದಿನ ಬೆಂಚಿಗೆ ಹೋಗಿ ಕೂತುಬಿಡುತ್ತಾಳೆ.

ಅಂಥ ಒಬ್ಬಳು, ನಾಗಮಂಗಲ ಕಡೆಯವಳು. ನಮ್ಮ ಡಿಪಾರ್ಟ್‌ಮೆಂಟಿನ ಹಿರಿಯರೊಬ್ಬರು ಲೇಟೆಂಟ್ ಹೀಟ್ ಪಾಠ ಮುಗಿಸಿ ಹೊರಗೆ ಬಂದಾಗ ವರಾಂಡದಲ್ಲಿ ನಿಂತಿದ್ದಳು. ಕೇಳುವುದಕ್ಕೆ ಬಾಯಿ ಬರುತ್ತಿಲ್ಲ, ನೋಟ್‌ಬುಕ್ಕನ್ನ ಎದೆಗೆ ಒತ್ತಿಕೊಂಡಿದ್ದಾಳೆ. ಅವರು "ಕನ್ನಡದಲ್ಲೇ ಕೇಳವ್ವ" ಅಂದರು. ಆಗ ಮಾತು ಹೊರಟಿತು. "ಕುದಿಯೋ ನೀರಿಗೆ ಬಿಸಿ ಕೊಡ್ತಾನೇ ಇದ್ರೂ ಟೆಂಪರೇಚರ್ ಯಾಕ್ ಸಾರ್ ಏರಲ್ಲ? ಆ ಬಿಸಿ ಎಲ್ಲೋಗ್ತದೆ?" ಅವರು ಆಲೆಮನೆ ನೋಡಿದ್ದೀಯಾ ಅಂದರು. ನೋಡದೆ ಇರುತ್ತಾಳಾ. "ಕೊಪ್ಪರಿಗೆಗೆ ಕಬ್ಬಿನ ಹಾಲು ಬಿಟ್ಟು ಕೆಳಗೆ ಒಲೆಗೆ ಸಿಪ್ಪೆ ತುಂಬ್ತಾನೇ ಇರ್ತಾರೆ. ಕುದಿ ಬಂದ ಮೇಲೂ ತುಂಬ್ತಾರೆ. ಅಷ್ಟು ಉರಿ ಹಾಕಿದ್ರೂ ತಕ್ಷಣ ಪಾಕ ಆಗುತ್ತಾ? ಇಲ್ಲ. ಆ ಉರಿಯೆಲ್ಲ ನೀರನ್ನ ಆವಿ ಮಾಡೋದಕ್ಕೇ ಖರ್ಚಾಗ್ತಿರುತ್ತೆ. ನೀರು ಹೋಗೋವರೆಗೂ ಬಿಸಿ ಹೆಚ್ಚು ಏರಲ್ಲ. ನೀರು ಕಮ್ಮಿ ಆಗ್ತಿದ್ದಂಗೆ ನೋಡು, ಪಾಕ ಸರಸರ ಏರುತ್ತೆ. ಆಗ ಗಮನ ತಪ್ಪಿದ್ರೆ ಸೀದುಹೋಗುತ್ತೆ." ಅವಳ ಮುಖದಲ್ಲಿ ಆಗ ಬಂದ ಬೆಳಕನ್ನ ನಾನು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ನೋಡಿದೆ. ಮಾರನೇ ವಾರ ಇನ್ನಿಬ್ಬರನ್ನ ಜೊತೆಗೆ ಕರೆದುಕೊಂಡು ಬಂದಳು. ಆ ವರಾಂಡದಲ್ಲಿ ವಾರಕ್ಕೆರಡು ಸಲ ಕನ್ನಡದಲ್ಲಿ ಫಿಸಿಕ್ಸ್ ನಡೆಯತೊಡಗಿತು. ಟೈಂಟೇಬಲ್ಲಿನಲ್ಲಿ ಎಲ್ಲೂ ಇಲ್ಲದ ಕ್ಲಾಸು.

ಆ ಹುಡುಗಿ ನಾಲ್ಕೂವರೆಯ ಬಸ್ಸಿಗೆ ಓಡಬೇಕಾಗಿದ್ದಿದ್ದರೆ? ಅವಳು ಹಾಸ್ಟೆಲಿನಲ್ಲಿ ಇದ್ದಳು, ನಿಂತಳು, ಕೇಳಿದಳು.

ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಹೇಳುವುದು ಇಷ್ಟೆ. ಅರ್ಥವನ್ನ ಕನ್ನಡದಲ್ಲಿ ಮಾಡಿಕೊಳ್ಳಿ, ಉತ್ತರವನ್ನ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಿ. ಸಂಜೆ ಅರ್ಧ ಪುಟ ಬರೆದು ಯಾರಿಗಾದರೂ ತೋರಿಸಿ. ಉರು ಹೊಡೆದರೆ ಮೊದಲ ಸೆಮಿಸ್ಟರ್ ದಾಟುತ್ತೆ, ಮೂರನೆಯದು ದಾಟಲ್ಲ. ಆಮೇಲೆ ಫೇಲಾದ ಸಬ್ಜೆಕ್ಟುಗಳು, ಬ್ಯಾಕ್ ಮೇಲೆ ಬ್ಯಾಕ್.

ಮೇಷ್ಟ್ರುಗಳಲ್ಲಿ ಎಲ್ಲರೂ ಆ ಹಿರಿಯರ ಹಾಗೆ ಇರಲ್ಲ, ಅದೂ ನಿಜ. ಕೆಲವರಿಗೆ ಪಾಠ ಮುಗಿದರೆ ಸಾಕಾಗಿರುತ್ತೆ. ಗೆಸ್ಟ್ ಲೆಕ್ಚರರ್‌ಗಳಿಗೆ ಇನ್ನೊಂದು ಕಾಲೇಜಿಗೆ ಓಡುವ ಗಡಿಬಿಡಿ, ಅವರನ್ನ ಬೈದು ಪ್ರಯೋಜನವಿಲ್ಲ. ಆದರೆ ಪ್ರತಿ ಕಾಲೇಜಿನಲ್ಲೂ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಅವರು ಯಾರು ಅಂತ ಮೊದಲ ಸೆಮಿಸ್ಟರಿನಲ್ಲೇ ಪತ್ತೆ ಹಚ್ಚಿ, ಬೆನ್ನು ಹತ್ತಿ. ಮಹಾರಾಜ ಕಾಲೇಜಿನಲ್ಲಿ ರಾಧಾಕೃಷ್ಣನ್ 1918ರಿಂದ ಮೂರು ವರ್ಷ ಪಾಠ ಮಾಡಿದ್ದರು. ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು ಅನ್ನುವ ಕತೆ ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಮೂರೇ ವರ್ಷ ಇದ್ದವರ ಮೇಲೆ ಅಷ್ಟು ಪ್ರೀತಿ. ಅದೇನು ಬರೀ ಕ್ಲಾಸಿನ ಗಂಟೆಯಲ್ಲಿ ಹುಟ್ಟಿದ್ದು ಅಂತ ನನಗೆ ಅನ್ನಿಸುವುದಿಲ್ಲ.

ಮೈಸೂರಿನಲ್ಲಿ ಓದುವವರಿಗೆ ಊರೇ ಇನ್ನರ್ಧ ಕಾಲೇಜು. ರಂಗಾಯಣದಲ್ಲಿ ನಾಟಕ ಇರುತ್ತೆ, ಬಿ.ವಿ. ಕಾರಂತರು 1989ರಲ್ಲಿ ಶುರು ಮಾಡಿದ್ದು. ಬಹುರೂಪಿ ನಾಟಕೋತ್ಸವದ ದಿನಗಳಲ್ಲಂತೂ ದೇಶದ ಬೇರೆ ಬೇರೆ ಕಡೆಯ ನಾಟಕಗಳು ಇಲ್ಲಿಗೇ ಬರುತ್ತವೆ. ಮಾನಸಗಂಗೋತ್ರಿಯ ಸೆಮಿನಾರುಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರೆ ಯಾರೂ ಎದ್ದು ಹೋಗು ಅನ್ನುವುದಿಲ್ಲ. ಅರ್ಥವಾಗದಿದ್ದರೂ ಪರವಾಗಿಲ್ಲ, ಆ ಲೋಕದಲ್ಲಿ ಹೇಗೆ ಮಾತಾಡುತ್ತಾರೆ ಅಂತ ಕಿವಿಗೆ ಬೀಳುತ್ತೆ. ಇಂಜಿನಿಯರಿಂಗ್ ಹುಡುಗ ನಾಟಕ ನೋಡಿ ಏನು ಮಾಡಬೇಕು ಅನ್ನುವ ಅಪ್ಪಂದಿರಿದ್ದಾರೆ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡುವುದಕ್ಕೆ ಬೆವರುವ ಹುಡುಗನನ್ನ ಅವರು ನೋಡಬೇಕಿತ್ತು.

ಬಯಸಿದ ಕಾಲೇಜು ಸಿಗದೆ ಬೇಜಾರಿನಲ್ಲಿ ಸೇರಿದವರಿಗೆ ಒಂದು ಮಾತು. ಬಿ.ಎಸ್ಸಿ ಓದುವವರಿಗೆ ಐಐಟಿಗಳಲ್ಲೂ ಬೆಂಗಳೂರಿನ ಐಐಎಸ್ಸಿಯಲ್ಲೂ ಮುಂದಿನ ಓದಿಗೆ ಸೇರುವ ದಾರಿ ಜ್ಯಾಮ್ ಪರೀಕ್ಷೆ. ಇಂಜಿನಿಯರಿಂಗ್‌ನವರಿಗೆ ಗೇಟ್. ಅಲ್ಲಿ ನೀವು ಯಾವ ಕಾಲೇಜಿನಿಂದ ಬಂದಿರಿ ಅಂತ ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಆದರೆ ನಮ್ಮ ಬಿ.ಎಸ್ಸಿ ಮಕ್ಕಳಲ್ಲಿ ತುಂಬಾ ಜನಕ್ಕೆ ಜ್ಯಾಮ್ ಅನ್ನುವುದೊಂದಿದೆ ಅಂತ ಗೊತ್ತಾಗುವುದೇ ಕೊನೇ ವರ್ಷದಲ್ಲಿ, ಅರ್ಜಿಯ ದಿನ ಮುಗಿದ ಮೇಲೆ. ಅರ್ಜಿ ಕರೆಯುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಎರಡನೇ ವರ್ಷದ ರಜೆಯಲ್ಲೇ ಹಳೇ ಪ್ರಶ್ನೆಪತ್ರಿಕೆ ಇಳಿಸಿಕೊಂಡು, ಸಂಜೆ ನಿಲ್ಲುವ ಯಾರಾದರೂ ಮೇಷ್ಟ್ರ ಮುಂದೆ ಹಿಡಿಯಿರಿ.